ದೇವರ ಜಗಲಿಯ ಪಟದಲ್ಲಿ ಸಿಕ್ಕ ಸಹಿ: ಎಸ್.ಎಂ. ಪಂಡಿತ ಯಾರು?

ಹಾವೇರಿಯ ಮೊಮ್ಮಗಳು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾವೇರಿ ಸಮೀಪದ ಹಳ್ಳಿಯಲ್ಲಿರುವ ನಮ್ಮ ಹಳೆಯ ಮನೆಗೆ ಈ ಬಾರಿ ಸುಣ್ಣಬಣ್ಣ ಮಾಡಿಸುತ್ತಿದ್ದೇವೆ. ದೇವರ ಜಗಲಿಯ ಮೇಲಿನ ಪಟಗಳನ್ನು ಇಳಿಸಿ ಒರೆಸುತ್ತಿದ್ದಾಗ ರಾಧಾಕೃಷ್ಣರ ಪಟದ ಹಿಂದಿನ ರಟ್ಟು ಕಳಚಿ ಬಿತ್ತು. ನೋಡಿದರೆ ಒಳಗಿನ ಕಾಗದದ ಕೆಳಭಾಗವನ್ನು ಸುಮಾರು ನಾಲ್ಕು ಬೆರಳಿನಷ್ಟು ಹಿಂದಕ್ಕೆ ಮಡಚಿ ಕಟ್ಟು ಹಾಕಿಸಿದ್ದಾರೆ. ಮಡಿಕೆ ಬಿಡಿಸಿದೆ. ಬ್ಯಾಡಗಿಯ ಒಂದು ಮೆಣಸಿನಕಾಯಿ ಅಡತಿ ಅಂಗಡಿಯ ಹೆಸರಿತ್ತು. ತಾರೀಖಿನ ಹಾಳೆಗಳನ್ನು ಹಿಡಿದಿದ್ದ ತಂತಿಯ ತುಕ್ಕಿನ ಗುರುತಿತ್ತು. ಮಡಿಕೆಯ ಗೆರೆಗೆ ಸರಿಯಾಗಿ ಚಿತ್ರದ ಮೂಲೆಯಲ್ಲಿ ಎಸ್.ಎಂ. ಪಂಡಿತ ಎಂಬ ಇಂಗ್ಲಿಷ್ ಸಹಿ ಇತ್ತು.

ಆಯಿಗೆ ಈಗ 84 ವರ್ಷ. ಮೆಣಸಿನಕಾಯಿ ಮಾರಲು ಹೋದ ಅಜ್ಜ ಚೀಲದ ಪಟ್ಟಿಯ ಜೊತೆಗೆ ಕ್ಯಾಲೆಂಡರನ್ನೂ ತಂದಿದ್ದರು ಎಂದು ಅವರು ಹೇಳುತ್ತಾರೆ. ವರ್ಷ ಮುಗಿದ ಮೇಲೆ ಅದಕ್ಕೆ ಕಟ್ಟು ಹಾಕಿಸಿದರಂತೆ. ಅಂದಿನಿಂದ ದಿನವೂ ಅದಕ್ಕೆ ಪೂಜೆ ನಡೆದಿದೆ. ಗಾಜು ಒಮ್ಮೆ ಒಡೆದಿತ್ತು. ಹೊಸ ಗಾಜು ಬರುವವರೆಗೆ ಕಾಗದದ ಮೇಲೆಯೇ ಕುಂಕುಮ ಹಚ್ಚಿದ್ದಾರೆ. ಹಾಗಾಗಿ ಕೃಷ್ಣನ ಹಣೆ ಕಾಣುವುದಿಲ್ಲ. ಒಂದು ಬದಿಯಲ್ಲಿ ಹುಳ ತಿಂದ ತೂತುಗಳಿವೆ.

ಹರಿದ ಪಟ ಮನೆಯಲ್ಲಿರಬಾರದು, ವರದಾ ಹೊಳೆಗೆ ಬಿಡೋಣ ಅಥವಾ ಬನ್ನಿ ಗಿಡದ ಕೆಳಗೆ ಇಟ್ಟು ಬರೋಣ ಎಂದು ಕಾಕಾ ಹೇಳುತ್ತಿದ್ದಾರೆ. ಆಯಿ ಏನೂ ಮಾತನಾಡುತ್ತಿಲ್ಲ. ನನಗೆ ಬಿಡಲು ಮನಸ್ಸಿಲ್ಲ. ಈ ಪಂಡಿತರು ಯಾರು? ಇದು ಅವರು ಕೈಯಿಂದ ಬರೆದ ಚಿತ್ರವೋ, ಅಚ್ಚಾದದ್ದೋ? ಇದನ್ನು ಉಳಿಸಿಕೊಳ್ಳುವ ದಾರಿ ಇದೆಯೇ?

ಗದಗಿನ ಡ್ರಾಯಿಂಗ್ ಮಾಸ್ತರ

ತಂಗಿ, ಮೊದಲು ನಿಮ್ಮ ಕಾಕಾ ಅವರಿಗೆ ಎರಡು ದಿನ ತಡೆಯಲು ಹೇಳು. ನೀನು ಕೇಳಿದ ಹೆಸರನ್ನು ನಾನು ಹದಿನಾಲ್ಕನೆಯ ವಯಸ್ಸಿನಿಂದ ಬಲ್ಲೆ. ಹೇಗೆಂದರೆ, ಆ ಹೆಸರಿನ ಕೆಳಗೆ ಅಂಗಡಿಗಳ ಹೆಸರು ಅಚ್ಚು ಹಾಕುತ್ತಿದ್ದವರಲ್ಲಿ ನಾನೂ ಒಬ್ಬ.

ಗದಗಿಗೆ ಮುದ್ರಣ ಕಾಶಿ ಎಂಬ ಹೆಸರು ಸುಮ್ಮನೆ ಬಂದಿಲ್ಲ. ದೀಪಾವಳಿ ರಜೆ ಬಂತೆಂದರೆ ನಮ್ಮ ಓಣಿಯ ಹುಡುಗರಿಗೆ ಮುದ್ರಣಾಲಯಗಳಲ್ಲಿ ಕೈತುಂಬ ಕೆಲಸ. ಹೊರಗಿನಿಂದ ಬಣ್ಣದ ಕ್ಯಾಲೆಂಡರುಗಳು ಕಟ್ಟುಕಟ್ಟಾಗಿ ಬರುತ್ತಿದ್ದವು. ಮೇಲೆ ಚಿತ್ರ, ಕೆಳಗೆ ಖಾಲಿ ಪಟ್ಟಿ. ಹಬ್ಬಕ್ಕೆ ಮೊದಲೇ ಏಜೆಂಟರು ಮಾದರಿಗಳ ದೊಡ್ಡ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗಿರುತ್ತಿದ್ದರು. ಅರಳೆ ವ್ಯಾಪಾರಿ ಲಕ್ಷ್ಮಿಯನ್ನು ಆರಿಸಿದರೆ ಕಿರಾಣಿ ಅಂಗಡಿಯವರು ಬಾಲಕೃಷ್ಣನನ್ನು ಕೇಳುತ್ತಿದ್ದರು. ಖಾಲಿ ಪಟ್ಟಿಯ ಮೇಲೆ ಅಂಗಡಿಯ ಹೆಸರು ಒತ್ತುವುದು ಸ್ಥಳೀಯ ಮುದ್ರಣಾಲಯದ ಕೆಲಸ. ಒಬ್ಬರು ಅಚ್ಚುಮೊಳೆ ಜೋಡಿಸುವರು, ಒಬ್ಬರು ಟ್ರೆಡಲ್ ತುಳಿಯುವರು. ನನ್ನದು ಹಾಳೆ ಇಡುವ ಕೆಲಸ. ಒಂದು ಮಧ್ಯಾಹ್ನ ಹಾಳೆ ಓರೆಯಾಗಿಟ್ಟೆ. ಅಂಗಡಿಯ ಹೆಸರು ಪಟ್ಟಿ ದಾಟಿ ಮೇನಕೆಯ ಪಾದದ ಮೇಲೆ ಕಪ್ಪಗೆ ಕುಳಿತಿತು. ಕೆಟ್ಟ ಹಾಳೆಯನ್ನು ಮನೆಗೆ ಒಯ್ಯಲು ಯಜಮಾನರು ಬಿಟ್ಟರು. ವಿಶ್ವಾಮಿತ್ರನ ತಪಸ್ಸು ಕೆಡಿಸುವ ಆ ಚಿತ್ರವೇ ನನ್ನ ಮೊದಲ ಗುರು. ಮೂಲೆಯಲ್ಲಿ ಅದೇ ಸಹಿ.

ಎಸ್.ಎಂ. ಪಂಡಿತ ಎಂದರೆ ಸಾಂಬಾನಂದ ಮೋನಪ್ಪ ಪಂಡಿತ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದರು, ಕುಶಲಕರ್ಮಿಗಳ ಮನೆತನ. ಕಲಬುರಗಿಯಲ್ಲಿ ಶಂಕರರಾವ್ ಆಳಂದಕರ್ ಅವರ ಬಳಿ ಕುಂಚ ಹಿಡಿದು, ಮದರಾಸಿನಲ್ಲಿ ಕಲಿತು, ಮುಂದೆ ಮುಂಬೈಗೆ ಹೋದರು. ಅಲ್ಲಿ ನೂತನ ಕಲಾಮಂದಿರವನ್ನು ನಡೆಸುತ್ತಿದ್ದ ಜಿ.ಎಸ್. ದಂಡಾವತಿಮಠ ಅವರ ಕೈಕೆಳಗೆ ಪಳಗಿದರು, ಜೆ.ಜೆ. ಕಲಾಶಾಲೆಯಲ್ಲೂ ಓದಿದರು. ಆಗ ಕಲಬುರಗಿ ನಿಜಾಮರ ಸೀಮೆ, ನಮ್ಮ ಧಾರವಾಡ ಜಿಲ್ಲೆ ಮುಂಬೈ ಇಲಾಖೆ. ಆದರೂ ಚಿತ್ರ ಕಲಿಯಬೇಕೆನ್ನುವ ಎರಡೂ ಕಡೆಯ ಹುಡುಗರು ಕೊನೆಗೆ ಸೇರುತ್ತಿದ್ದದ್ದು ಮುಂಬೈಯಲ್ಲಿ.

ಓದು ಮುಗಿದ ಮೇಲೆ ಅವರು ಹೊಟ್ಟೆಪಾಡಿಗೆ ಹಿಡಿದದ್ದು ಸಿನಿಮಾ ಕೆಲಸ. ಅಮೆರಿಕದ ಎಂ.ಜಿ.ಎಂ. ಕಂಪನಿ 1938ರಲ್ಲಿ ಮುಂಬೈಯಲ್ಲಿ ಮೆಟ್ರೊ ಚಿತ್ರಮಂದಿರ ತೆರೆಯಿತು. ಬರಲಿರುವ ಚಿತ್ರಗಳ ದೃಶ್ಯಗಳನ್ನು ರಟ್ಟಿನ ಮೇಲೆ ಬಣ್ಣದಲ್ಲಿ ಬರೆದು ಇಂಥ ಚಿತ್ರಮಂದಿರಗಳ ಪಡಸಾಲೆಯಲ್ಲಿ ಇಡುತ್ತಿದ್ದರು, ಶೋಕಾರ್ಡ್ ಎನ್ನುತ್ತಿದ್ದರು. ಪಂಡಿತರು ಎಂ.ಜಿ.ಎಂ. ಚಿತ್ರಗಳಿಗೆ ಅಂಥ ಶೋಕಾರ್ಡುಗಳನ್ನು ಬರೆದರು. ಬಾಬುರಾವ್ ಪಟೇಲರ 'ಫಿಲ್ಮ್‌ಇಂಡಿಯಾ' ಪತ್ರಿಕೆಯ ಮುಖಪುಟಗಳನ್ನು ಬರೆದರು. ಕ್ಯಾಲೆಂಡರಿನ ದೇವರು ಬಂದದ್ದು ಇದರ ಬೆನ್ನಿಗೆ. ಈ ಕ್ರಮ ಮುಖ್ಯ, ತಂಗಿ. ಏಕೆಂದು ಹೇಳುತ್ತೇನೆ.

ಕಪ್ಪು ಬಿಳುಪಿನ ಹಾಲಿವುಡ್ ಛಾಯಾಚಿತ್ರವನ್ನು ಮುಂದಿಟ್ಟುಕೊಂಡು ಅದಕ್ಕೆ ಬಣ್ಣ ಕೊಡಬೇಕೆಂದರೆ ಬೆಳಕು ಎಲ್ಲಿಂದ ಬರುತ್ತಿದೆ ಎಂಬುದು ಮೊದಲು ತಿಳಿಯಬೇಕು. ಸ್ಟುಡಿಯೊದಲ್ಲಿ ಮುಖದ ಮುಂದೆ ಒಂದು ದೀಪ, ಬೆನ್ನ ಹಿಂದೆ ಇನ್ನೊಂದು. ಹಿಂದಿನ ದೀಪ ಕೂದಲಿನ ಅಂಚಿಗೂ ಭುಜಕ್ಕೂ ತೆಳುವಾದ ಹೊಳಪಿನ ಗೆರೆ ಕೊಡುತ್ತದೆ. ನಿನ್ನ ಪಟದಲ್ಲಿ ರಾಧೆಯ ತೋಳಿನ ಅಂಚನ್ನು ನೋಡು. ಹುಣ್ಣಿಮೆಯ ತಣ್ಣನೆಯ ನೀಲಿ ಅಂಚು, ಮುಂದೆ ಬೆಚ್ಚಗಿನ ಹಳದಿ. ಎರಡು ಬೆಳಕಿನ ಈ ಜಾಣ್ಮೆ ಅವರಿಗೆ ಸಿನಿಮಾ ಕೆಲಸದಿಂದ ಬಂತೆಂಬುದು ನನ್ನ ನಂಬಿಕೆ. ನಮ್ಮ ಜಗಲಿಯ ಮೇಲೆ ನಂದಾದೀಪ ಒಂದೇ ಇದ್ದಾಗಲೂ ಆ ಚಿತ್ರ ಒಳಗಿನಿಂದ ಬೆಳಗಿದಂತೆ ಕಾಣುವುದು ಅದಕ್ಕೇ.

ಅದನ್ನು ನಾನು ಕಣ್ಣಿನಿಂದಲ್ಲ, ಸೋತು ಕಲಿತೆ. ಮಸಿ ಬಿದ್ದ ಮೇನಕೆಯ ಹಾಳೆಯನ್ನು ಚೌಕ ಹಾಕಿ ನಕಲು ಮಾಡಲು ಕುಳಿತೆ. ಮುಖದ ನೆರಳಿಗೆ ಕಂದು ಹಚ್ಚಿದೆ, ಮಣ್ಣು ಮೆತ್ತಿದಂತಾಯಿತು. ಕಪ್ಪು ಸೇರಿಸಿದೆ, ಇನ್ನೂ ಕೆಟ್ಟಿತು. ಮೂರು ರಜೆಗಳು ಹೋದವು. ಆಮೇಲೆ ಧಾರವಾಡದಲ್ಲಿ ಕಲಾಶಾಲೆ ಸೇರಿದಾಗ ಒಂದು ದಿನ ಆ ಹಾಳೆಯನ್ನು ತಲೆಕೆಳಗು ಹಿಡಿದು ನೋಡಿದೆ. ಮುಖ ಎಂಬುದು ಮರೆಯಾಗಿ ಬರಿಯ ಬಣ್ಣ ಕಂಡಿತು. ಕೆನ್ನೆಯ ನೆರಳಿನಲ್ಲಿ ಕಂದು ಇರಲೇ ಇಲ್ಲ. ಅಲ್ಲಿದ್ದದ್ದು ತಿಳಿ ನೇರಳೆ, ಗದ್ದದ ಕೆಳಗೆ ಹಸಿರು. ಪಕ್ಕದ ಬಳ್ಳಿಯ ಹಸಿರು ಚರ್ಮದ ಮೇಲೆ ಪ್ರತಿಫಲಿಸಿತ್ತು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ಮಾತು. ಕ್ಯಾಲೆಂಡರಿನ ಚಿತ್ರವನ್ನು ಮೊದಲು ನೋಡುವುದು ಅಚ್ಚಿನವರ ಕ್ಯಾಮೆರಾ. ತೈಲವರ್ಣವಾದರೆ ದೀಪದ ಕೆಳಗೆ ಹೊಳೆದು ತೊಂದರೆ ಕೊಡುತ್ತದೆ. ನೀರಿನಲ್ಲಿ ಕಲಸುವ ಪೋಸ್ಟರ್ ಬಣ್ಣಕ್ಕೆ ಆ ಹೊಳಪಿಲ್ಲ. ಆದರೆ ಅದು ಬೇಗ ಒಣಗುತ್ತದೆ, ಒಣಗಿದಾಗ ಛಾಯೆ ಬದಲಾಗುತ್ತದೆ, ಮೇಲೆ ಮತ್ತೆ ಹಚ್ಚಿದರೆ ಕೆಳಗಿನದು ಕರಗಿ ಏಳುತ್ತದೆ. ಅದರಲ್ಲಿ ಕೆನ್ನೆಯಂಥ ನುಣುಪನ್ನು ತರಬೇಕೆಂದರೆ ಒಣಗಿದ ಮೇಲೆ ಯಾವ ಬಣ್ಣ ಏನಾಗುತ್ತದೆ ಎಂಬುದು ಹಚ್ಚುವ ಮೊದಲೇ ಗೊತ್ತಿರಬೇಕು. ಪಂಡಿತರಿಗೆ ತೈಲವೂ ಒಲಿದಿತ್ತು, ಪೋಸ್ಟರ್ ಬಣ್ಣವೂ ಒಲಿದಿತ್ತು. ಎರಡನೆಯದು ಹೆಚ್ಚು ಕಷ್ಟ ಎಂದು ಎರಡನ್ನೂ ಹಚ್ಚಿ ನೋಡಿದ ನಾನು ಹೇಳುತ್ತೇನೆ.

ಮುಂಬೈಯಲ್ಲಿ ಸ್ವಂತ ಸ್ಟುಡಿಯೊ ತೆರೆದು ದಶಕಗಳ ಕಾಲ ಪುರಾಣದ ಕಥೆಗಳನ್ನು ಬರೆದರು. ಬಿಸ್ಕತ್ತು ಕಂಪನಿಯ ಕ್ಯಾಲೆಂಡರಿಗೂ ಬರೆದರು, ಕನ್ಯಾಕುಮಾರಿಗಾಗಿ ವಿವೇಕಾನಂದರನ್ನೂ ಬರೆದರು. ಕಡೆಗೆ ಕಲಬುರಗಿಗೆ ಮರಳಿ ಅಲ್ಲಿಯೂ ಬರೆಯುತ್ತಲೇ ಇದ್ದು 1993ರಲ್ಲಿ ತೀರಿಕೊಂಡರು.

ನಿನ್ನ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ: ಇಷ್ಟು ಮನೆಗಳಲ್ಲಿದ್ದವರ ಹೆಸರು ನಮಗೇಕೆ ಗೊತ್ತಿಲ್ಲ? ಉತ್ತರ ನಿನ್ನ ಪಟದ ಮಡಿಕೆಯಲ್ಲಿಯೇ ಇದೆ. ಕಟ್ಟು ಹಾಕುವವರು ಅಂಗಡಿಯ ಹೆಸರು ಕಾಣಬಾರದೆಂದು ಕೆಳಗಿನ ಪಟ್ಟಿಯನ್ನು ಕತ್ತರಿಸುತ್ತಿದ್ದರು, ಇಲ್ಲವೇ ಮಡಚುತ್ತಿದ್ದರು. ವ್ಯಾಪಾರಿಯ ಹೆಸರಿನ ಜೊತೆಗೆ ಬರೆದವರ ಹೆಸರೂ ಹೋಗುತ್ತಿತ್ತು. ಉಳಿದದ್ದು ದೇವರು. ಭಕ್ತರಿಗೆ ಅದು ಸರಿಯೇ. ಆದರೆ ಕಲೆಯನ್ನು ಓದಿದವರು ಮಾಡಿದ್ದು ಸರಿಯಲ್ಲ. ನಾನು ಡಿಪ್ಲೊಮಾ ಮುಗಿಸಿದ ವರ್ಷ ಪರೀಕ್ಷಕರೊಬ್ಬರು ನನ್ನ ಚಿತ್ರದ ಮುಂದೆ ನಿಂತು "ಇದು ಕ್ಯಾಲೆಂಡರ್" ಎಂದು ಒಂದೇ ಮಾತು ಹೇಳಿ ಮುಂದೆ ಹೋದರು. ಅದು ಬೈಗುಳವೆಂದು ನನಗೆ ಗೊತ್ತಾಗಲು ಗೆಳೆಯರು ಹೇಳಬೇಕಾಯಿತು. ಎಂ.ಎಫ್. ಹುಸೇನರು ಮುಂಬೈಯಲ್ಲಿ ಸಿನಿಮಾ ಹೋರ್ಡಿಂಗ್ ಬರೆದದ್ದನ್ನು ಎಲ್ಲರೂ ಹೆಮ್ಮೆಯಿಂದ ನೆನೆಯುತ್ತಾರೆ, ಏಕೆಂದರೆ ಅವರು ಅದನ್ನು ಬಿಟ್ಟು ಬಂದರು. ಪಂಡಿತರು ಬಿಡಲಿಲ್ಲ. ಬಿಡದೆ ಅದರಲ್ಲೇ ಎತ್ತರಕ್ಕೆ ಹೋದವರನ್ನು ಅಳೆಯಲು ನಮ್ಮಲ್ಲಿ ಕೋಲೇ ಇರಲಿಲ್ಲ.

ಸಹಿ ಹೋದ ಚಿತ್ರವನ್ನೂ ಗುರುತಿಸಬಹುದು. ಬೆರಳು ನೋಡಬೇಕು. ಮುಖವನ್ನು ಗಿರಾಕಿಯ ಮಾತಿಗೆ ಬದಲಿಸುತ್ತಾರೆ, ಆಭರಣವನ್ನು ಸಹಾಯಕರು ಬರೆಯುವುದುಂಟು. ಬೆರಳನ್ನು ಮಾತ್ರ ಪ್ರತಿಯೊಬ್ಬ ಚಿತ್ರಕಾರ ತನ್ನ ರೂಢಿಯಂತೆಯೇ ಬರೆಯುತ್ತಾನೆ. ಪಂಡಿತರ ಬೆರಳಿಗೆ ಒಳಗೆ ಎಲುಬಿದೆ. ಕೊಳಲನ್ನು ಒತ್ತಿದ ಕಡೆ ಬೆರಳ ತುದಿ ಒಂದಿಷ್ಟು ಚಪ್ಪಟೆಯಾಗಿರುತ್ತದೆ.

ಹುಬ್ಬಳ್ಳಿ ಕಟ್ಟಿನ ಅಂಗಡಿ

ಮಾಸ್ತರರು ಹೇಳಿದ ಪಟ್ಟಿ ಕತ್ತರಿಸುವ ಕೆಲಸವನ್ನು ನಮ್ಮ ತಂದೆಯವರೂ ಮಾಡಿದ್ದಾರೆ, ಚಿಕ್ಕಂದಿನಲ್ಲಿ ನಾನೂ ಮಾಡಿದ್ದೇನೆ. ದುರ್ಗದಬೈಲ್ ಸುತ್ತಿನ ಅಂಗಡಿಗಳಿಂದ ಸಂಕ್ರಾಂತಿಯ ಹೊತ್ತಿಗೆ ಹಳೆಯ ಕ್ಯಾಲೆಂಡರುಗಳು ಸುರುಳಿ ಸುರುಳಿಯಾಗಿ ಬರುತ್ತಿದ್ದವು. ಮೇಲಿನ ತಗಡಿನ ಪಟ್ಟಿ ಕೀಳುವುದು, ಕೆಳಗಿನ ಹೆಸರು ಕತ್ತರಿಸುವುದು, ಗಾಜು ಕೂರಿಸುವುದು. ಸಹಿಯ ಬಗ್ಗೆ ಯಾರೂ ಹೇಳಲಿಲ್ಲ, ನಾವು ಕೇಳಲಿಲ್ಲ. ಓದಿ ಮನಸ್ಸಿಗೆ ಕಷ್ಟವಾಯಿತು.

ಅಕ್ಕಾ, ನಿಮ್ಮದು ಅಚ್ಚಿನ ಪ್ರತಿ ಎಂಬುದರಲ್ಲಿ ಸಂಶಯವಿಲ್ಲ. ಭೂತಗನ್ನಡಿ ಹಿಡಿದು ನೋಡಿ. ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲುಸಾಲಾಗಿ ಕೂಡಿ ಸಣ್ಣ ಹೂವಿನಂತೆ ಕಂಡರೆ ಅದು ಆಫ್‌ಸೆಟ್. ಸಾಲಿಲ್ಲದೆ ಮರಳು ಚೆಲ್ಲಿದಂಥ ಚುಕ್ಕೆಗಳಿದ್ದರೆ ಕಲ್ಲಚ್ಚು. ರಾಜಾ ರವಿವರ್ಮರು 1894ರಲ್ಲಿ ಮುಂಬೈಯಲ್ಲಿ ಆರಂಭಿಸಿದ ಮುದ್ರಣಾಲಯದ ಹಳೆಯ ಪ್ರತಿಗಳು ಕಲ್ಲಚ್ಚಿನವು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಅಂಥವು ನಮ್ಮ ಅಂಗಡಿಗೆ ಅಪರೂಪಕ್ಕೆ ಬಂದಿವೆ.

ಈಗ ಉಳಿಸುವ ಮಾತು. ನೀರು ಸೋಕಿಸಬೇಡಿ, ಒದ್ದೆ ಬಟ್ಟೆಯೂ ಬೇಡ. ಕುಂಕುಮವನ್ನು ಉಜ್ಜಿದರೆ ಅದು ಕಾಗದದೊಳಕ್ಕೆ ಇಳಿಯುತ್ತದೆ, ಕೆಳಗಿನ ಮುಖವೂ ಎದ್ದು ಬರುತ್ತದೆ. ಮೆತ್ತನೆಯ ಒಣ ಕುಂಚದಿಂದ ಸಡಿಲವಾದ ಪುಡಿಯನ್ನಷ್ಟೇ ಸರಿಸಿ, ಉಳಿದದ್ದನ್ನು ಹಾಗೆಯೇ ಬಿಡಿ. ಹಿಂದಿನ ರಟ್ಟನ್ನು ಎಸೆಯಿರಿ. ಹಳೆಯ ರಟ್ಟಿನಲ್ಲಿ ಆಮ್ಲ ಇರುತ್ತದೆ, ಕಾಗದ ಹಳದಿಯಾಗಿ ಒಡೆಯುವುದು ಅದರಿಂದ. ಆಮ್ಲವಿಲ್ಲದ ಬಿಳಿ ರಟ್ಟು ಕೇಳಿ ಪಡೆಯಿರಿ. ಗಾಜು ಕಾಗದಕ್ಕೆ ಅಂಟಬಾರದು. ಸುತ್ತ ರಟ್ಟಿನ ಅಂಚು ಕೊಟ್ಟು ನಡುವೆ ಗಾಳಿ ಇರುವಂತೆ ಕೂರಿಸಬೇಕು. ಮಡಚಿದ ಪಟ್ಟಿಯನ್ನು ಮತ್ತೆ ಮಡಚಬೇಡಿ, ಗೆರೆಯಲ್ಲಿ ತುಂಡಾಗುತ್ತದೆ. ಬಿಸಿಲು ಬೀಳುವ ಗೋಡೆ ಬೇಡ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಆಮೇಲೆ ಅದನ್ನು ಬಿಡಿಸಲು ಆಗುವುದಿಲ್ಲ.

ಧಾರವಾಡದ ಓದುಗ

ಮಾಸ್ತರರ ಮೇಲೆ ಗೌರವವಿಟ್ಟುಕೊಂಡೇ ಒಂದು ಮಾತು. ನಾನು ಕಲಬುರಗಿಯಲ್ಲಿ ಆರು ವರ್ಷ ನೌಕರಿ ಮಾಡಿದವನು. ಅಲ್ಲಿ ಡಾ. ಎಸ್.ಎಂ. ಪಂಡಿತ ರಂಗಮಂದಿರ ಊರಿನ ದೊಡ್ಡ ಸಭಾಭವನ, ಹಾಗಾಗಿ ಹೆಸರು ಪೂರ್ತಿ ಅಳಿಸಿದೆ ಎನ್ನಲಾಗದು. ಆದರೆ ಆ ಚಿತ್ರಗಳ ಬಗ್ಗೆ ನನಗೆ ಹಳೆಯ ತಕರಾರಿದೆ. ದೇವರೆಲ್ಲ ಸಿನಿಮಾ ನಟನಟಿಯರಾದರು. ನಮ್ಮ ಊರುಗಳಲ್ಲಿ ಚಿತ್ರಗಾರರು ಜಾತ್ರೆಗೆಂದು ಬರೆಯುತ್ತಿದ್ದ ದ್ಯಾಮವ್ವ, ದುರ್ಗವ್ವರ ಮುಖವೇ ಬೇರೆ: ಅಗಲ ಕಣ್ಣು, ಗಟ್ಟಿ ಗೆರೆ, ನೋಡಿದರೆ ಭಯ ಭಕ್ತಿ ಎರಡೂ ಬರುತ್ತಿದ್ದವು. ಅಚ್ಚಿನ ಚಿತ್ರ ಅಗ್ಗವಾಗಿ ಮನೆಮನೆಗೆ ಬಂದು ಕೂತ ಮೇಲೆ ಎಲ್ಲ ಊರಿನ ದೇವಿಯರಿಗೂ ಒಂದೇ ಮೂಗು, ಒಂದೇ ನಗು. ಕಿನ್ನಾಳದಂಥ ಕಡೆ ಕಟ್ಟಿಗೆಯ ಗೊಂಬೆ ಮಾಡುವವರ ಕಸುಬಿಗೂ ಇದರ ಪೆಟ್ಟು ಬಿದ್ದಿರಬೇಕು ಎಂದು ನನಗೆ ಅನ್ನಿಸುತ್ತದೆ. ಕೌಶಲ ದೊಡ್ಡದಿರಬಹುದು, ಕಳೆದದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕಲ್ಲವೇ?

ಗದಗಿನ ಡ್ರಾಯಿಂಗ್ ಮಾಸ್ತರ

ಹಿಡಿಯಬೇಕು. ನಿಮ್ಮ ಮಾತಿನ ಅರ್ಧ ನನಗೆ ಒಪ್ಪಿಗೆ. ದ್ಯಾಮವ್ವನ ಆ ಕಣ್ಣುಗಳನ್ನು ಪಂಡಿತರಾಗಲಿ ಇನ್ನೊಬ್ಬರಾಗಲಿ ಪೋಸ್ಟರ್ ಬಣ್ಣದಲ್ಲಿ ತರಲಾರರು. ಅದು ಬೇರೆ ವಿದ್ಯೆ. ನಮ್ಮ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸುವಾಗ ಮಕ್ಕಳಿಗೆ ದೇವಿಯನ್ನು ಬರೆಯಿರಿ ಎಂದರೆ ಎಲ್ಲರೂ ಕ್ಯಾಲೆಂಡರಿನ ಲಕ್ಷ್ಮಿಯನ್ನೇ ಬರೆಯುತ್ತಿದ್ದರು. ಅದನ್ನು ನೋಡಿ ನನಗೂ ಬೇಸರವಾಗಿದೆ.

ಆದರೆ ಎಲ್ಲ ಮೂಗೂ ಒಂದೇ ಎಂಬುದನ್ನು ಒಪ್ಪಲಾರೆ. ಬೇರೆ ಬೇರೆ ಕೈಗಳ ಚಿತ್ರಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡದ ಕಾರಣ ಒಂದೇ ಎನ್ನಿಸುತ್ತದೆ. ರಘುವೀರ ಮುಳಗಾಂವಕರರ ಚಿತ್ರಗಳನ್ನು ಮರಾಠಿ ದೀಪಾವಳಿ ಸಂಚಿಕೆಗಳ ಮುಖಪುಟದಲ್ಲಿ ನೀವು ಕಂಡಿರಬಹುದು. ಅವರು ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸ್ಪ್ರೇ ಯಂತ್ರ ಬಳಸುತ್ತಿದ್ದರು. ಅವರ ದೇವಿಯರ ಚರ್ಮ ಮಂಜಿನಂತೆ, ಎಲ್ಲಿಯೂ ಕುಂಚದ ಗುರುತಿಲ್ಲ. ತಮಿಳುನಾಡಿನ ಕೋವಿಲ್‌ಪಟ್ಟಿಯ ಕೊಂಡಯ್ಯ ರಾಜು ಅವರ ಬಳಗದ ದೇವರುಗಳು ನೇರವಾಗಿ ನಮ್ಮನ್ನೇ ನೋಡುತ್ತಾ ಅಲಂಕಾರ ಮಾಡಿಕೊಂಡು ಕುಳಿತಿರುತ್ತಾರೆ, ಗುಡಿಯಲ್ಲಿ ನಿಂತು ದರ್ಶನ ಪಡೆದಂತೆ. ಪಂಡಿತರ ದೇವರುಗಳು ನಮ್ಮನ್ನು ನೋಡುವುದೇ ಕಡಿಮೆ. ಅವರವರ ಕಥೆಯಲ್ಲಿ ಮುಳುಗಿರುತ್ತಾರೆ. ರಾಧೆ ನೋಡುವುದು ಕೃಷ್ಣನನ್ನು. ಈ ಭೇದಗಳನ್ನು ನಾವು ಸಂಗೀತದಲ್ಲಿ ಎಷ್ಟು ಸೂಕ್ಷ್ಮವಾಗಿ ಗುರುತಿಸುತ್ತೇವೆ! ನಮ್ಮ ಗದಗ, ಧಾರವಾಡದ ಕೇಳುಗರು ಒಂದು ತಾನ ಕೇಳಿ ಯಾವ ಘರಾಣೆ ಎಂದು ಹೇಳಿಬಿಡುತ್ತಾರೆ. ಗೋಡೆಯ ಮೇಲಿನ ಚಿತ್ರಕ್ಕೆ ಆ ಕಿವಿಯಂಥ ಕಣ್ಣನ್ನು ಕೊಡಲಿಲ್ಲ ಎಂಬುದೇ ನನ್ನ ಸಂಕಟ.

ಹಾವೇರಿಯ ಮೊಮ್ಮಗಳು

ಎಲ್ಲರಿಗೂ ಕೃತಜ್ಞತೆಗಳು. ಮಾಸ್ತರರ ಉತ್ತರವನ್ನು ಮೊಬೈಲಿನಿಂದ ಆಯಿಗೆ ಓದಿ ಹೇಳಿದೆ. ಕಾಕಾ ಕೂಡ ಕುಳಿತು ಕೇಳಿದರು. ಭೂತಗನ್ನಡಿಯಲ್ಲಿ ಹೂವಿನಂಥ ಚುಕ್ಕೆಗಳು ಕಂಡವು, ಆಫ್‌ಸೆಟ್ಟೇ. ರಾಧೆಯ ತೋಳಿನಲ್ಲಿ ನೀಲಿ ಅಂಚೂ ಇದೆ. ಇಷ್ಟು ವರ್ಷ ಅದನ್ನು ಸೀರೆಯ ಅಂಚೆಂದು ತಿಳಿದಿದ್ದೆ.

ಹೊಳೆಗೆ ಬಿಡುವ ಮಾತು ನಿಂತಿದೆ. ಕುಂಕುಮ ತೆಗೆಯಲಿಲ್ಲ, ಆಯಿಗೂ ಅದು ಬೇಡವಾಗಿತ್ತು. ಹಾವೇರಿಯಲ್ಲಿ ಹೊಸ ಕಟ್ಟು ಹಾಕಿಸಿದೆವು. ಈ ಸಲ ಪಟ್ಟಿಯನ್ನು ಮಡಚಲಿಲ್ಲ. ಸಹಿ, ಅಡತಿ ಅಂಗಡಿಯ ಹೆಸರು ಎರಡೂ ಕಾಣುತ್ತವೆ. ಪಟ ಎತ್ತರವಾದ್ದರಿಂದ ಜಗಲಿಯ ಮೇಲಿನ ಮಾಡದಲ್ಲಿ ಕೂರಲಿಲ್ಲ. ಬಡಿಗೇರರನ್ನು ಕರೆಸಿ ಹಲಗೆಯನ್ನು ಕೆಳಗಿಳಿಸಿದ್ದೇವೆ.

ಮಾಸ್ತರರೇ, ಇನ್ನೊಂದು ಕೇಳುವುದಿದೆ. ಅದೇ ಜಗಲಿಯ ಮೇಲೆ ಒಂದು ಸರಸ್ವತಿಯ ಪಟವಿದೆ. ಅದರ ಕೆಳಗಿನ ಅಂಚನ್ನು ಪೂರ್ತಿ ಕತ್ತರಿಸಿದ್ದಾರೆ, ಯಾವ ಹೆಸರೂ ಇಲ್ಲ. ಫೋಟೊ ಹಾಕಿದರೆ ನೋಡಿ ಹೇಳುತ್ತೀರಾ?

ಗದಗಿನ ಡ್ರಾಯಿಂಗ್ ಮಾಸ್ತರ

ಹಾಕು ತಂಗಿ. ಗಾಜು ತೆಗೆದು, ಹಗಲಿನ ಬೆಳಕಿನಲ್ಲಿ ತೆಗೆ. ವೀಣೆಯ ತಂತಿಯ ಮೇಲಿರುವ ಎಡಗೈ ಬೆರಳುಗಳನ್ನು ಹತ್ತಿರದಿಂದ ಬೇರೆಯಾಗಿ ಒಂದು ತೆಗೆದು ಕಳುಹಿಸು.